ಕಡಲತಳದ ಒಡೆತನ: ಅಮೆರಿಕದ ಸಮುದ್ರತೈಲ ಗುತ್ತಿಗೆಗಳೂ ಕೇಂದ್ರ ಸರ್ಕಾರದ ಒತ್ತಾಸೆಯೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕೇಂದ್ರ ಸರ್ಕಾರವು ತನ್ನ ಕರಾವಳಿಯಾಚೆಯ ಕಡಲತಳವನ್ನು ತೈಲ ಮತ್ತು ಅನಿಲಗಳ ಶೋಧನೆಗಾಗಿ ಗುತ್ತಿಗೆ ಕೊಡಲು 1954ನೆಯ ಇಸವಿಯಲ್ಲಿ ಪ್ರಾರಂಭಿಸಿತು. ಅಂದಿನಿಂದ ಈ ಕಾರ್ಯಕ್ಕೆ ಆ ಸರ್ಕಾರವು ಕೊಡುತ್ತ ಬಂದಿರುವ ಒತ್ತಾಸೆಯನ್ನು ವಿವರಿಸುವಾಗ ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳುವುದುಂಟು. ಒಂದು, ರಾಷ್ಟ್ರಕ್ಕಿದ್ದ ತೈಲದ ಅಗತ್ಯ; ಇನ್ನೊಂದು, ತೈಲ ಕಂಪನಿಗಳ ಪ್ರಭಾವ. ಎರಡೂ ಸುಳ್ಳಲ್ಲ. ಆದರೆ 1937ರಿಂದ 1953ರವರೆಗಿನ ಘಟನೆಗಳನ್ನು ಅನುಕ್ರಮವಾಗಿ ನೋಡುವವರಿಗೆ ಈ ವಿವರಣೆ ಸಾಲದೆಂದು ತೋರದಿರದು. ಏಕೆಂದರೆ ಆ ಹದಿನಾರು ವರ್ಷಗಳ ಕಾಲ ತೈಲ ಕಂಪನಿಗಳಲ್ಲಿ ಬಹುಪಾಲು ಕೇಂದ್ರದ ಒಡೆತನವನ್ನು ಬೆಂಬಲಿಸಲಿಲ್ಲ, ಪ್ರಬಲವಾಗಿ ವಿರೋಧಿಸಿದವು. ತೈಲದ ಅಗತ್ಯವಾದರೋ ಕೊರಿಯಾ ಯುದ್ಧದ ಕಾಲದಲ್ಲಿ ಅತ್ಯಂತ ತೀವ್ರವಾಗಿತ್ತು. ಆದರೂ ಆ ವರ್ಷಗಳಲ್ಲಿ ಕೇಂದ್ರ ಸರ್ಕಾರವು ಒಂದೇ ಒಂದು ಹೊಸ ಗುತ್ತಿಗೆಯನ್ನೂ ಕೊಡಲಿಲ್ಲ. ಹಾಗಾದರೆ ಈ ಒತ್ತಾಸೆ ಎಲ್ಲಿಂದ ಬಂದಿತು? ಕಡಲತಳ ಯಾರದೆಂಬ ವ್ಯಾಜ್ಯದಿಂದಲೇ ಅದು ಹುಟ್ಟಿತೆಂದೂ, ಆ ವ್ಯಾಜ್ಯ ತೀರಿದ ರೀತಿಯಿಂದಾಗಿ ಜಮೀನುದಾರನ ಕೆಲಸವೂ ಕಾವಲುಗಾರನ ಕೆಲಸವೂ ಒಬ್ಬನೇ ಮಂತ್ರಿಯ ಕೈಸೇರಿದವೆಂದೂ ತೋರಿಸುವುದು ನಮ್ಮ ಉದ್ದೇಶ.

ಮೊದಲು ಒಂದು ಶಬ್ದದ ವಿಚಾರ. ಈ ವಿವಾದವನ್ನು ಅಮೆರಿಕದ ಪತ್ರಿಕೆಗಳು ‘ಟೈಡ್‌ಲ್ಯಾಂಡ್ಸ್’ ವಿವಾದವೆಂದು ಕರೆದವು. ಅಂದರೆ ಉಬ್ಬರವಿಳಿತದ ನೆಲದ ವಿವಾದ. ಈ ಹೆಸರು ತಪ್ಪು. ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವೆ ಇರುವ ನೆಲ ರಾಜ್ಯಗಳದ್ದೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 1845ರ ಪೊಲಾರ್ಡನ ಮೊಕದ್ದಮೆಯಷ್ಟು ಹಿಂದೆಯೇ ಒಪ್ಪಿತ್ತು. ಅದನ್ನು ಯಾರೂ ಪ್ರಶ್ನಿಸಿರಲಿಲ್ಲ. ಪ್ರಶ್ನೆ ಇದ್ದದ್ದು ಇಳಿತದ ಗೆರೆಯಿಂದ ಆಚೆಗೆ, ಎಂದೂ ನೀರು ಸರಿಯದ ನೆಲದ ಬಗ್ಗೆ. ಆದರೂ ತಪ್ಪು ಹೆಸರೇ ರಾಜ್ಯಗಳ ಪಕ್ಷಕ್ಕೆ ಅನುಕೂಲವಾಯಿತು. ತಮ್ಮ ಊರಿನ ಮರಳದಂಡೆಯನ್ನೇ ವಾಷಿಂಗ್ಟನ್ನಿನವರು ಕಸಿದುಕೊಳ್ಳುತ್ತಿದ್ದಾರೆಂದು ಟೆಕ್ಸಾಸಿನ ಸಾಮಾನ್ಯ ಪ್ರಜೆ ನಂಬುವಂತಾಯಿತು.

ಕಡಲಿನಿಂದ ತೈಲ ತೆಗೆಯುವ ಪ್ರಯತ್ನ ಕ್ಯಾಲಿಫೋರ್ನಿಯದ ಸಮ್ಮರ್‌ಲ್ಯಾಂಡ್ ಎಂಬ ಸಣ್ಣ ಊರಿನಲ್ಲಿ 1890ರ ದಶಕದ ಕೊನೆಯಲ್ಲಿ ನಡೆಯಿತು. ದಂಡೆಯಿಂದ ಪೆಸಿಫಿಕ್ ಸಾಗರದೊಳಕ್ಕೆ ಮರದ ಅಟ್ಟಣೆಗಳನ್ನು ಕಟ್ಟಿ, ಅವುಗಳ ಮೇಲೆ ನಿಂತು ಬಾವಿ ಕೊರೆದರು. ಆಗ ಈ ನೆಲ ಯಾರದೆಂದು ಕೇಳುವವರೇ ಇರಲಿಲ್ಲ. 1921ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವು ಕಾನೂನು ಮಾಡಿ ತನ್ನ ಕರಾವಳಿಯ ಕಡಲತಳವನ್ನು ಶೋಧನೆಗೆ ಕೊಡತೊಡಗಿತು. ಕೆಲವರು ಇದಕ್ಕೆ ಬದಲಾಗಿ ಕೇಂದ್ರ ಸರ್ಕಾರದಿಂದಲೇ ಗುತ್ತಿಗೆ ಪಡೆಯಬಹುದೆಂದು ಎಣಿಸಿ ಆಂತರಿಕ ಇಲಾಖೆಗೆ ಅರ್ಜಿ ಹಾಕಿದರು. ಈ ಇಲಾಖೆಯ ಹೆಸರು ನಮ್ಮ ಗೃಹಖಾತೆಯನ್ನು ನೆನಪಿಗೆ ತಂದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕದಲ್ಲಿ ಅದು ಸಾರ್ವಜನಿಕ ಭೂಮಿ, ಗಣಿ, ರಾಷ್ಟ್ರೋದ್ಯಾನಗಳನ್ನು ನೋಡಿಕೊಳ್ಳುವ ಇಲಾಖೆ. ರೂಸ್‌ವೆಲ್ಟರ ಮಂತ್ರಿಮಂಡಲದಲ್ಲಿ ಇದರ ಮುಖ್ಯಸ್ಥನಾಗಿದ್ದ ಹೆರಾಲ್ಡ್ ಇಕೀಸ್, 1933ರ ಡಿಸೆಂಬರಿನಲ್ಲಿ ಅಂಥ ಒಬ್ಬ ಅರ್ಜಿದಾರನಿಗೆ, ಮೂರು ಮೈಲಿಯೊಳಗಿನ ಕಡಲತಳದ ಹಕ್ಕು ರಾಜ್ಯದ್ದು, ಅದನ್ನು ಕೊಡುವ ಅಧಿಕಾರ ತನಗಿಲ್ಲ ಎಂದು ಪತ್ರ ಬರೆದನು. ಮುಂದಿನ ಇಪ್ಪತ್ತು ವರ್ಷಗಳ ಕಾಲ ರಾಜ್ಯಗಳ ವಕೀಲರು ಈ ಪತ್ರವನ್ನು ನ್ಯಾಯಾಲಯದಲ್ಲಿಯೂ ಕಾಂಗ್ರೆಸ್ಸಿನಲ್ಲಿಯೂ ಎತ್ತಿ ತೋರಿಸಿದರು.

ನಾಲ್ಕು ವರ್ಷಗಳಲ್ಲಿ ಇಕೀಸನ ಅಭಿಪ್ರಾಯ ಬದಲಾಯಿತು. 1937ರಲ್ಲಿ ಸೆನೆಟರ್ ಜೆರಾಲ್ಡ್ ನೈ, ಕಡಲತಳದ ತೈಲವು ರಾಷ್ಟ್ರದ ಸ್ವತ್ತೆಂದು ಸಾರುವ ನಿರ್ಣಯವನ್ನು ಸೆನೆಟ್ಟಿನಲ್ಲಿ ಮಂಡಿಸಿದಾಗ ಇಕೀಸ್ ಅದರ ಪಕ್ಷದಲ್ಲಿದ್ದನು. ಈ ಬದಲಾವಣೆಯನ್ನು ಬರಿಯ ಅಧಿಕಾರದಾಸೆ ಎಂದು ಹೇಳಿದವರಿದ್ದಾರೆ. ನಮಗೆ ಅದು ಪೂರ್ಣ ಸಮ್ಮತವಲ್ಲ. ನೌಕಾಪಡೆಗೆ ತೈಲವನ್ನು ಕಾದಿಡಬೇಕೆಂಬ ಚಿಂತೆ ಆ ಕಾಲದ ಆಡಳಿತಗಾರರನ್ನು ನಿಜವಾಗಿಯೂ ಕಾಡುತ್ತಿತ್ತು. ಅಲ್ಲದೆ ಇಕೀಸ್ ಕುಳಿತಿದ್ದ ಕುರ್ಚಿಗೆ ಒಂದು ಕಳಂಕ ಅಂಟಿತ್ತು. ಅವನಿಗಿಂತ ಹಿಂದೆ ಅದೇ ಪದವಿಯಲ್ಲಿದ್ದ ಆಲ್ಬರ್ಟ್ ಫಾಲ್, ನೌಕಾಪಡೆಗೆ ಮೀಸಲಾಗಿದ್ದ ಟೀಪಾಟ್ ಡೋಮ್ ಮೊದಲಾದ ತೈಲಭೂಮಿಗಳನ್ನು ಗುಟ್ಟಾಗಿ ಗುತ್ತಿಗೆ ಕೊಟ್ಟು ಲಂಚ ಪಡೆದದ್ದಕ್ಕಾಗಿ 1929ರಲ್ಲಿ ಅಪರಾಧಿಯೆನಿಸಿ 1931ರಲ್ಲಿ ಸೆರೆಮನೆ ಸೇರಿದ್ದನು. ಆ ಇಲಾಖೆಯಲ್ಲಿ ಪ್ರಾಮಾಣಿಕನಾಗಿ ಉಳಿಯಬಯಸಿದ ಯಾವನೇ ಆಗಲಿ ತೈಲದ ಗುತ್ತಿಗೆಗಳ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರುವುದು ಸಹಜವೇ.

ಯುದ್ಧ ಮುಗಿದೊಡನೆ, 1945ರ ಸೆಪ್ಟೆಂಬರ್ 28ರಂದು, ಅಧ್ಯಕ್ಷ ಟ್ರೂಮನ್ನರು ಎರಡು ಘೋಷಣೆಗಳನ್ನು ಹೊರಡಿಸಿದರು. ಮೀನುಗಾರಿಕೆಗೆ ಸಂಬಂಧಿಸಿದ್ದನ್ನು ಇಲ್ಲಿ ಬಿಡೋಣ. ಇನ್ನೊಂದು ಘೋಷಣೆಯು, ಅಮೆರಿಕದ ಕರಾವಳಿಗೆ ಹೊಂದಿಕೊಂಡು ಕಡಲೊಳಗೆ ಚಾಚಿರುವ ಖಂಡಾವರಣ ಪ್ರದೇಶದ ನೆಲದಲ್ಲಿಯೂ ನೆಲದಡಿಯಲ್ಲಿಯೂ ಇರುವ ನಿಸರ್ಗಸಂಪತ್ತು ಅಮೆರಿಕಕ್ಕೆ ಸೇರಿದ್ದೆಂದೂ ಅದರ ಅಧಿಕಾರಕ್ಕೊಳಪಟ್ಟದ್ದೆಂದೂ ಸಾರಿತು. ಮೇಲಿನ ನೀರು ಹಿಂದಿನಂತೆಯೇ ಎಲ್ಲ ರಾಷ್ಟ್ರಗಳ ಹಡಗುಗಳಿಗೆ ತೆರೆದಿರುವುದೆಂದೂ ಅದರಲ್ಲಿ ಹೇಳಿತ್ತು. ಅಂತರರಾಷ್ಟ್ರೀಯ ನ್ಯಾಯದ ಚರಿತ್ರೆಯಲ್ಲಿ ಇದೊಂದು ದೊಡ್ಡ ಹೆಜ್ಜೆ. ಒಂದೆರಡು ವರ್ಷಗಳೊಳಗೆ ಮೆಕ್ಸಿಕೋ, ಅರ್ಜೆಂಟೀನ, ಚಿಲಿ, ಪೆರು ದೇಶಗಳು ತಮತಮಗೆ ತೋಚಿದಂತೆ ಇದೇ ಬಗೆಯ ಹಕ್ಕುಗಳನ್ನು ಸಾರಿಕೊಂಡವು. 1958ರ ಜಿನೀವಾ ಒಪ್ಪಂದದಲ್ಲಿ ಖಂಡಾವರಣದ ತತ್ತ್ವವು ರಾಷ್ಟ್ರಗಳ ಸಮ್ಮತಿ ಪಡೆಯಿತು. ಆದರೆ ದೇಶದೊಳಗಿನ ಪ್ರಶ್ನೆಯನ್ನು ಘೋಷಣೆಯು ಬೇಕೆಂದೇ ಮುಟ್ಟಲಿಲ್ಲ. ಹೊರಗಿನವರೆದುರು ಇದು ಅಮೆರಿಕದ್ದು ಎಂದಾಯಿತು; ಅಮೆರಿಕದೊಳಗೆ ಯಾರದು ಎಂಬುದು ಉಳಿಯಿತು.

ಇದರ ನಡುವೆ ನಡೆದ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1946ರ ಪ್ರಾರಂಭದಲ್ಲಿ ಟ್ರೂಮನ್ನರು ಕ್ಯಾಲಿಫೋರ್ನಿಯದ ತೈಲೋದ್ಯಮಿ ಎಡ್ವಿನ್ ಪಾಲಿ ಎಂಬವನನ್ನು ನೌಕಾ ಇಲಾಖೆಯ ಉಪಕಾರ್ಯದರ್ಶಿಯ ಪದವಿಗೆ ಸೂಚಿಸಿದರು. ಪಾಲಿ ಡೆಮೊಕ್ರಾಟಿಕ್ ಪಕ್ಷದ ಖಜಾಂಚಿಯಾಗಿದ್ದವನು. ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದ ಇಕೀಸ್, ಕಡಲತಳದ ಮೊಕದ್ದಮೆಯನ್ನು ಹೂಡದಿದ್ದರೆ ತೈಲೋದ್ಯಮಿಗಳಿಂದ ಪಕ್ಷದ ನಿಧಿಗೆ ಲಕ್ಷಗಟ್ಟಲೆ ಡಾಲರುಗಳನ್ನು ಕೂಡಿಸಬಹುದೆಂದು ಪಾಲಿ ತನಗೆ ಸೂಚಿಸಿದ್ದನೆಂದು ನುಡಿದನು. ಪಾಲಿ ಇದನ್ನು ಅಲ್ಲಗಳೆದನು. ಇಕೀಸ್ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟನು. ಮಾರ್ಚಿಯಲ್ಲಿ ಪಾಲಿಯ ಹೆಸರನ್ನು ಹಿಂದಕ್ಕೆ ತೆಗೆದುಕೊಂಡರು. ಹದಿಮೂರು ವರ್ಷ ಒಂದೇ ಇಲಾಖೆಯನ್ನಾಳಿದ ಮಂತ್ರಿ, ತಾನು ಹೂಡಿಸಿದ ಮೊಕದ್ದಮೆಯ ತೀರ್ಪನ್ನು ಮಂತ್ರಿಯಾಗಿ ನೋಡಲಿಲ್ಲ.

ಆ ತೀರ್ಪು 1947ರ ಜೂನ್ 23ರಂದು ಬಂದಿತು. ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಬಹುಮತದ ಪರವಾಗಿ ಬರೆದದ್ದರ ಸಾರಾಂಶವಿಷ್ಟು: ಕರಾವಳಿಯ ರಕ್ಷಣೆಯೂ ಪರರಾಷ್ಟ್ರಗಳೊಡನೆ ವ್ಯವಹಾರವೂ ಕೇಂದ್ರದ ಹೊಣೆ, ಆದಕಾರಣ ಇಳಿತದ ಗೆರೆಯಿಂದಾಚೆಯ ಮೂರು ಮೈಲಿಯ ಪಟ್ಟಿಯಲ್ಲಿ, ಅಲ್ಲಿನ ತೈಲವೂ ಸೇರಿದಂತೆ, ಪರಮಾಧಿಕಾರ ಕೇಂದ್ರದ್ದು, ಕ್ಯಾಲಿಫೋರ್ನಿಯ ಅದರ ಒಡೆಯನಲ್ಲ. ನ್ಯಾಯಮೂರ್ತಿಗಳಾದ ರೀಡ್ ಮತ್ತು ಫ್ರಾಂಕ್‌ಫರ್ಟರ್ ಭಿನ್ನಮತವನ್ನು ಬರೆದರು. ಫ್ರಾಂಕ್‌ಫರ್ಟರರ ಆಕ್ಷೇಪಣೆ ವಿಚಾರಾರ್ಹವಾದುದು. ಆಳುವ ಅಧಿಕಾರ ಬೇರೆ, ಸ್ವತ್ತಿನ ಹಕ್ಕು ಬೇರೆ. ಮೊದಲನೆಯದಿದ್ದ ಮಾತ್ರಕ್ಕೆ ಎರಡನೆಯದು ಬಂದುಬಿಡದು ಎಂಬುದೇ ಅವರ ವಾದ. ಸ್ವಾರಸ್ಯವೆಂದರೆ, ಆ ವರ್ಷದ ಅಕ್ಟೋಬರಿನಲ್ಲಿ ಡಿಕ್ರಿಯನ್ನು ಬರೆಯುವಾಗ, ಕೇಂದ್ರದ ವಕೀಲರು ಕೊಟ್ಟ ಕರಡಿನಲ್ಲಿದ್ದ ‘ಸ್ವಾಮ್ಯದ’ ಎಂಬ ಅರ್ಥದ ಪದಗಳನ್ನು ನ್ಯಾಯಾಲಯವೇ ಹೊಡೆದುಹಾಕಿತು. ಕ್ಯಾಲಿಫೋರ್ನಿಯ ಒಡೆಯನಲ್ಲವೆಂದು ಹೇಳಿದ ನ್ಯಾಯಾಲಯವು ಕೇಂದ್ರವು ಒಡೆಯನೆಂದು ಹೇಳಲು ಹಿಂಜರಿಯಿತು. ಈ ಹಿಂಜರಿತವನ್ನು ಹೆಚ್ಚಿನ ಗ್ರಂಥಕಾರರು ತಾಂತ್ರಿಕ ವಿಷಯವೆಂದು ಬಿಟ್ಟುಬಿಡುತ್ತಾರೆ. ನಮಗಾದರೋ ಇಡೀ ವಿವಾದದ ಕೀಲು ಇಲ್ಲಿಯೇ ಇದೆ ಎನ್ನಿಸುತ್ತದೆ. ಕೇಂದ್ರವು ನ್ಯಾಯಾಲಯದಲ್ಲಿ ಗೆದ್ದದ್ದು ರಕ್ಷಕನೆಂಬ ನೆಲೆಯಲ್ಲಿ. ಗೆದ್ದುದನ್ನು ಬಳಸಿದ್ದು ಜಮೀನುದಾರನೆಂಬ ನೆಲೆಯಲ್ಲಿ.

1950ರ ಜೂನ್ 5ರಂದು ಲೂಸಿಯಾನ ಮತ್ತು ಟೆಕ್ಸಾಸ್‌ಗಳ ಮೇಲಿನ ತೀರ್ಪುಗಳು ಬಂದವು. ಟೆಕ್ಸಾಸಿನ ವಾದ ಎಲ್ಲಕ್ಕಿಂತ ಬಲವಾಗಿತ್ತು. 1836ರಿಂದ 1845ರವರೆಗೆ ಅದು ಸ್ವತಂತ್ರ ಗಣರಾಜ್ಯವಾಗಿತ್ತು. ಮೂರು ಲೀಗುಗಳಷ್ಟು, ಅಂದರೆ ಸುಮಾರು ಹತ್ತೂವರೆ ಮೈಲಿಗಳಷ್ಟು ಕಡಲು ತನ್ನದೆಂದು 1836ರಲ್ಲಿಯೇ ಕಾನೂನು ಮಾಡಿತ್ತು. ಒಕ್ಕೂಟವನ್ನು ಸೇರುವಾಗ ತನ್ನ ಸಾರ್ವಜನಿಕ ಭೂಮಿಯನ್ನು ತಾನೇ ಉಳಿಸಿಕೊಂಡಿತ್ತು. ಆದರೂ ನ್ಯಾಯಮೂರ್ತಿ ಡಗ್ಲಸ್, ಎಲ್ಲ ರಾಜ್ಯಗಳೂ ಸಮಾನ ನೆಲೆಯಲ್ಲಿ ಒಕ್ಕೂಟವನ್ನು ಸೇರುತ್ತವೆಂಬ ನಿಯಮವನ್ನೇ ತಿರುಗಿಸಿ, ರಾಷ್ಟ್ರವಾಗಿದ್ದಾಗ ಇದ್ದ ಹಕ್ಕು ರಾಜ್ಯವಾದಾಗ ಅಳಿಯಿತೆಂದು ತೀರ್ಪಿತ್ತರು.

ಅದೇ 1950ರ ಜನವರಿಯಲ್ಲಿ ಜಾರಿಗೆ ಬಂದ ನಮ್ಮ ರಾಜ್ಯಾಂಗದಲ್ಲಿ ಈ ಪ್ರಶ್ನೆ ಏಳಲು ಎಡೆಯೇ ಇರಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬಹುದು. 297ನೆಯ ವಿಧಿಯು ಪ್ರಾದೇಶಿಕ ಸಮುದ್ರದಡಿಯ ಭೂಮಿ, ಖನಿಜ ಮುಂತಾದುವನ್ನು ಒಂದೇ ವಾಕ್ಯದಲ್ಲಿ ಒಕ್ಕೂಟಕ್ಕೆ ವಹಿಸಿತು. 1963ರ ಹದಿನೈದನೆಯ ತಿದ್ದುಪಡಿ ಖಂಡಾವರಣವನ್ನೂ ಅದಕ್ಕೆ ಸೇರಿಸಿತು. ಕಾರವಾರದ ಕಡಲಿನಡಿಯಲ್ಲಿ ಏನಿದ್ದರೂ ಅದು ಒಕ್ಕೂಟದ್ದು. 1974ರಲ್ಲಿ ಬೊಂಬಾಯಿಯ ಪಶ್ಚಿಮಕ್ಕೆ ಕಡಲಿನಲ್ಲಿ ತೈಲ ದೊರೆತಾಗ, ಅದು ಯಾರದೆಂಬ ಪ್ರಶ್ನೆಗೆ ರಾಜ್ಯಾಂಗವೇ ಉತ್ತರ ಕೊಟ್ಟಾಗಿತ್ತು. ಅಮೆರಿಕದ ರಾಜ್ಯಾಂಗವನ್ನು ರಚಿಸಿದವರು ಹದಿನೆಂಟನೆಯ ಶತಮಾನದವರು. ಕಡಲತಳದಿಂದ ಆದಾಯ ಬರಬಹುದೆಂದು ಅವರು ಊಹಿಸದಿದ್ದುದು ತಪ್ಪಲ್ಲ.

ಮೊಕದ್ದಮೆಗಳನ್ನು ಗೆದ್ದ ಕೇಂದ್ರ ಸರ್ಕಾರಕ್ಕೆ ಒಂದು ವಿಚಿತ್ರ ತೊಡಕು ಎದುರಾಯಿತು. ಸಾರ್ವಜನಿಕ ಭೂಮಿಯ ತೈಲವನ್ನು ಗುತ್ತಿಗೆ ಕೊಡಲು 1920ರ ಖನಿಜ ಗುತ್ತಿಗೆ ಕಾನೂನು ಇತ್ತು. ಆದರೆ ಅದು ಕಡಲತಳಕ್ಕೆ ಅನ್ವಯಿಸುವುದಿಲ್ಲವೆಂದು ಸರ್ಕಾರದ ಮುಖ್ಯ ನ್ಯಾಯಾಧಿಕಾರಿಯೇ 1947ರಲ್ಲಿ ಅಭಿಪ್ರಾಯ ಕೊಟ್ಟನು. ಹೀಗಾಗಿ ರಾಜ್ಯಗಳಿಗೆ ಗುತ್ತಿಗೆ ಕೊಡುವ ಹಕ್ಕಿಲ್ಲ, ಕೇಂದ್ರಕ್ಕೆ ಗುತ್ತಿಗೆ ಕೊಡುವ ಕಾನೂನಿಲ್ಲ ಎಂಬ ಸ್ಥಿತಿ ಬಂದಿತು. ತಂತ್ರಜ್ಞರಾದರೋ ಕಾಯುತ್ತಿರಲಿಲ್ಲ. 1947ರ ನವೆಂಬರಿನಲ್ಲಿ, ಲೂಸಿಯಾನ ರಾಜ್ಯವು ಕೊಟ್ಟಿದ್ದ ಗುತ್ತಿಗೆಯ ಮೇಲೆ, ಕೆರ್-ಮೆಗೀ ಕಂಪನಿಯವರು ದಂಡೆಯಿಂದ ಸುಮಾರು ಹತ್ತು ಮೈಲಿ ದೂರದಲ್ಲಿ, ನೆಲ ಕಣ್ಣಿಗೆ ಕಾಣದ ಕಡೆಯಲ್ಲಿ ತೈಲ ಕಂಡರು. ಮೆಕ್ಸಿಕೋ ಕೊಲ್ಲಿಯ ಖಂಡಾವರಣವು ಕೆಲವೆಡೆ ನೂರು ಮೈಲಿಗೂ ಹೆಚ್ಚು ದೂರ ಆಳವಿಲ್ಲದೆ ಹಬ್ಬಿರುವುದರಿಂದ ಈ ಒಂದು ಬಾವಿ ಎಲ್ಲರ ಲೆಕ್ಕಾಚಾರವನ್ನೂ ಬದಲಿಸಿತು. 1950ರ ಬಳಿಕ ರಾಜ್ಯಗಳ ಹಳೆಯ ಗುತ್ತಿಗೆದಾರರು ತಾತ್ಕಾಲಿಕ ಅನುಮತಿಯ ಮೇಲೆ ಕೆಲಸ ಮುಂದುವರಿಸಿದರು; ಹೊಸ ಗುತ್ತಿಗೆ ಮಾತ್ರ ಯಾರಿಗೂ ಸಿಗಲಿಲ್ಲ.

ಕಂಪನಿಗಳು ರಾಜ್ಯಗಳ ಪಕ್ಷ ವಹಿಸಿದ್ದೇಕೆ ಎಂಬುದು ಈಗ ಸ್ಪಷ್ಟವಾಗುತ್ತದೆ. ಅವುಗಳ ಕೈಯಲ್ಲಿದ್ದ ಗುತ್ತಿಗೆಗಳು ರಾಜ್ಯಗಳು ಕೊಟ್ಟವು. ರಾಜ್ಯಗಳ ಅಧಿಕಾರಿಗಳು ಪರಿಚಿತರು. ವಾಷಿಂಗ್ಟನ್ನಿನ ಜಮೀನುದಾರ ಅಪರಿಚಿತ, ಮೇಲಾಗಿ ಇಕೀಸನಂಥವರು ಕುಳಿತಿದ್ದ ಮನೆ. ಸಂಧಾನದ ಪ್ರಯತ್ನವೂ ನಡೆಯದೆ ಇರಲಿಲ್ಲ. 1949ರಲ್ಲಿ ಪ್ರತಿನಿಧಿಸಭೆಯ ಅಧ್ಯಕ್ಷ ಸ್ಯಾಮ್ ರೇಬರ್ನ್ ಮೂಲಕ ಬಂದ ಸೂಚನೆಯಂತೆ, ಮೂರು ಮೈಲಿಯೊಳಗಿನ ಆದಾಯದಲ್ಲಿ ಮೂರನೆಯ ಎರಡು ಪಾಲೂ ಅದರಾಚೆಯದರಲ್ಲಿ ಶೇಕಡ 37½ರಷ್ಟೂ ರಾಜ್ಯಗಳಿಗೆ ಸಲ್ಲತಕ್ಕದ್ದಾಗಿತ್ತು. ಎಲ್ಲವನ್ನೂ ಪಡೆಯುವ ಆಸೆಯಿಂದ ರಾಜ್ಯಗಳ ನಾಯಕರು ಅದನ್ನು ತಳ್ಳಿಹಾಕಿದರು. 2006ರಲ್ಲಿ ಕಾಂಗ್ರೆಸ್ಸು ಕೊಲ್ಲಿಯ ನಾಲ್ಕು ರಾಜ್ಯಗಳಿಗೆ ಕೇಂದ್ರದ ಕಡಲಿನ ಕೆಲವು ಗುತ್ತಿಗೆಗಳ ಆದಾಯದಲ್ಲಿ ಪಾಲು ಕೊಟ್ಟಾಗ ಆ ಪಾಲು ಕೂಡ ಶೇಕಡ 37½ ಆಗಿತ್ತು. ನಡುವಿನ 57 ವರ್ಷಗಳಲ್ಲಿ ಲೂಸಿಯಾನ ಕಳೆದುಕೊಂಡದ್ದೆಷ್ಟೆಂಬುದು ಆ ರಾಜ್ಯದ ರಾಜಕಾರಣದಲ್ಲಿ ಹಳೆಯ ಗಾಯ.

ಕಾಂಗ್ರೆಸ್ಸಿನಲ್ಲಿ ಸಾಗಿದ ಹೋರಾಟವನ್ನು ಸಂಕ್ಷೇಪವಾಗಿ ಹೇಳಬಹುದು. ಕಡಲತಳವನ್ನು ರಾಜ್ಯಗಳಿಗೆ ಬಿಟ್ಟುಕೊಡುವ ಮಸೂದೆಯನ್ನು ಟ್ರೂಮನ್ನರು 1946ರಲ್ಲಿ ಒಮ್ಮೆ, 1952ರ ಮೇ ತಿಂಗಳಿನಲ್ಲಿ ಮತ್ತೊಮ್ಮೆ ತಿರಸ್ಕರಿಸಿದರು. ಎರಡನೆಯ ಸಲ ಅದನ್ನು ಹಗಲುದರೋಡೆ ಎಂದೇ ಭಾಷಣದಲ್ಲಿ ಕರೆದರು. ಅದೇ ವರ್ಷದ ಚುನಾವಣೆಯಲ್ಲಿ ಡೆಮೊಕ್ರಾಟಿಕ್ ಅಭ್ಯರ್ಥಿ ಸ್ಟೀವನ್‌ಸನ್ ಟ್ರೂಮನ್ನರ ನಿಲುವನ್ನೇ ಹಿಡಿದನು. ರಿಪಬ್ಲಿಕನ್ ಅಭ್ಯರ್ಥಿ ಐಸೆನ್‌ಹೋವರ್ ರಾಜ್ಯಗಳ ಪಕ್ಷದಲ್ಲಿ ನಿಂತರು. ಟೆಕ್ಸಾಸಿನ ಡೆಮೊಕ್ರಾಟಿಕ್ ಗವರ್ನರ್ ಅಲನ್ ಷಿವರ್ಸ್ ತನ್ನ ಪಕ್ಷವನ್ನು ಬಿಟ್ಟು ಐಸೆನ್‌ಹೋವರರನ್ನು ಬೆಂಬಲಿಸಿದನು. ಟೆಕ್ಸಾಸ್ ಅವರಿಗೆ ಒಲಿಯಿತು. ಅಧಿಕಾರ ಬಿಡಲು ನಾಲ್ಕು ದಿನಗಳಿದ್ದಾಗ, 1953ರ ಜನವರಿ 16ರಂದು, ಟ್ರೂಮನ್ನರು ಖಂಡಾವರಣವನ್ನೆಲ್ಲ ನೌಕಾಪಡೆಯ ತೈಲನಿಧಿಯೆಂದು ಮೀಸಲಿಟ್ಟರು. ಅದು ಉಳಿಯಲಿಲ್ಲ.

1953ರ ಎರಡು ಕಾನೂನುಗಳನ್ನು ಜೊತೆಯಾಗಿ ಓದಬೇಕು. ಮೇ 22ರ ಮುಳುಗಿದ ಭೂಮಿಗಳ ಕಾನೂನು ಮೂರು ಮೈಲಿಯವರೆಗಿನ ತಳವನ್ನು ರಾಜ್ಯಗಳಿಗೆ ಕೊಟ್ಟಿತು. ಕೊಲ್ಲಿಯ ಕಡೆಯಲ್ಲಿ ಚರಿತ್ರೆಯ ಆಧಾರ ತೋರಿಸಬಲ್ಲ ರಾಜ್ಯಕ್ಕೆ ಮೂರು ಲೀಗುಗಳವರೆಗೆ ಅವಕಾಶವಿತ್ತು. 1960ರಲ್ಲಿ ನ್ಯಾಯಾಲಯವು ಟೆಕ್ಸಾಸ್ ಮತ್ತು ಫ್ಲಾರಿಡಗಳು ಅದನ್ನು ತೋರಿಸಿದವೆಂದೂ ಲೂಸಿಯಾನ ತೋರಿಸಲಿಲ್ಲವೆಂದೂ ನಿರ್ಣಯಿಸಿತು. ಆಗಸ್ಟ್ 7ರ ಹೊರ ಖಂಡಾವರಣ ಭೂಮಿಗಳ ಕಾನೂನು ಅದರಾಚೆಯದೆಲ್ಲವನ್ನೂ ಕೇಂದ್ರಕ್ಕೆ ಉಳಿಸಿ, ಅದನ್ನು ಗುತ್ತಿಗೆ ಕೊಡುವ ಅಧಿಕಾರವನ್ನು ಆಂತರಿಕ ಇಲಾಖೆಗೆ ವಹಿಸಿತು. ಮೊದಲನೆಯ ಕಾನೂನಿನ ಗದ್ದಲದಲ್ಲಿ ಎರಡನೆಯದರ ಮಹತ್ವ ಮರೆಯಾಯಿತು. ಸೆನೆಟರ್ ವೇನ್ ಮಾರ್ಸ್ ಏಪ್ರಿಲಿನಲ್ಲಿ 22 ಗಂಟೆ 26 ನಿಮಿಷಗಳ ಕಾಲ ನಿಂತು ಮಾತಾಡಿದ್ದು ಮೊದಲನೆಯದರ ವಿರುದ್ಧ. ಆದರೆ ಕೊಲ್ಲಿಯ ವಿಸ್ತಾರವನ್ನು ಬಲ್ಲವರಿಗೆ, ರಾಜ್ಯಗಳಿಗೆ ದೊರೆತದ್ದು ಅಂಚು, ಕೇಂದ್ರಕ್ಕೆ ಉಳಿದದ್ದು ಸೀರೆ ಎಂಬುದು ಗೊತ್ತಿತ್ತು. 1953ನ್ನು ರಾಜ್ಯಗಳ ವಿಜಯದ ವರ್ಷವೆಂದು ಬರೆಯುವ ಪಠ್ಯಪುಸ್ತಕಗಳು ಭೂಪಟವನ್ನು ನೋಡಿ ಬರೆದವಲ್ಲ.

ಇನ್ನೊಂದು ವಿಷಯವೂ ಆ ವರ್ಷ ನಿರ್ಧಾರವಾಯಿತು. ಆಲಬಾಮದ ಸೆನೆಟರ್ ಲಿಸ್ಟರ್ ಹಿಲ್, ಕಡಲತಳದ ಆದಾಯವನ್ನು ದೇಶದ ಶಾಲಾಕಾಲೇಜುಗಳಿಗೆ ಮೀಸಲಿಡಬೇಕೆಂದು ಬಹಳವಾಗಿ ಶ್ರಮಿಸಿದನು. ಅದು ಅಂತಿಮ ಕಾನೂನಿನಲ್ಲಿ ಉಳಿಯಲಿಲ್ಲ. ಹಣವೆಲ್ಲ ಬೊಕ್ಕಸದ ಸಾಮಾನ್ಯ ಜಮೆಗೆ ಹೋಗುವುದೆಂದಾಯಿತು. ಉಪಾಧ್ಯಾಯವರ್ಗಕ್ಕೆ ಸೇರಿದ ನಮಗೆ ಹಿಲ್ಲನ ಸೋಲು ಬೇಸರ ತರುವುದು ಸಹಜ. ಆದರೆ ಇಲ್ಲಿ ಮುಖ್ಯವಾದದ್ದು ಅದರ ಪರಿಣಾಮ. ಒಂದು ಕಾರ್ಯಕ್ಕೆ ಮುಡಿಪಾಗದ ಹಣ, ಆಯವ್ಯಯದಲ್ಲಿ ಕೊರತೆ ಬಿದ್ದಾಗಲೆಲ್ಲ ನೆನಪಾಗುವ ಹಣವಾಯಿತು. (1964ರ ಕಾನೂನಿನಿಂದ ಸ್ಥಾಪಿತವಾದ ಭೂ-ಜಲ ಸಂರಕ್ಷಣಾ ನಿಧಿಗೆ ಇದರಲ್ಲಿ ಒಂದು ಭಾಗವನ್ನು 1968ರಲ್ಲಿ ತಿರುಗಿಸಿದರು. ಉದ್ಯಾನಗಳನ್ನು ಕೊಳ್ಳಲು ತೈಲದ ಹಣ!)

ಗುತ್ತಿಗೆಯ ಕ್ರಮವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಹೊರಟಿದೆ. ಕಡಲನ್ನು ನಕ್ಷೆಯ ಮೇಲೆ ಚೌಕಗಳಾಗಿ ಭಾಗಿಸುತ್ತಿದ್ದರು. ಒಂದು ಚೌಕ 5,760 ಎಕರೆಗೆ ಮೀರತಕ್ಕದ್ದಲ್ಲ. ಪ್ರತಿಯೊಂದಕ್ಕೂ ಕಂಪನಿಗಳು ಮುಚ್ಚಿದ ಲಕೋಟೆಯಲ್ಲಿ ಸವಾಲು ಹಾಕಬೇಕು. ಉತ್ಪಾದನೆಯ ಮೇಲಣ ರಾಜಧನವು ಶೇಕಡ 12½ಕ್ಕೆ ಕಡಮೆಯಿರಬಾರದೆಂದು ಕಾನೂನು. ರೂಢಿಯಲ್ಲಿ ಅದನ್ನು ಆರನೆಯ ಒಂದು ಪಾಲೆಂದು ಮೊದಲೇ ಗೊತ್ತುಪಡಿಸುತ್ತಿದ್ದರು. ಪೈಪೋಟಿ ನಡೆಯುತ್ತಿದ್ದುದು ಬೋನಸ್ ಎಂಬ ಮುಂಗಡ ಹಣಕ್ಕಾಗಿ. ಹೆಚ್ಚು ಮುಂಗಡ ಕೊಡುವವನಿಗೆ ಐದು ವರ್ಷಗಳ ಗುತ್ತಿಗೆ. ತೈಲ ಸಿಕ್ಕರೆ ಅದು ಬರುವವರೆಗೂ ಮುಂದುವರಿಕೆ. ಸಿಗದಿದ್ದರೆ ಮುಂಗಡ ವಾಪಸಿಲ್ಲ. 1954ರ ಅಕ್ಟೋಬರ್ 13ರಂದು ನ್ಯೂ ಆರ್ಲಿಯನ್ಸಿನಲ್ಲಿ ನಡೆದ ಪ್ರಥಮ ಹರಾಜಿನಲ್ಲಿ ಒಂದೇ ದಿನದಲ್ಲಿ ಬಂದ ಮುಂಗಡ ಸುಮಾರು 11 ಕೋಟಿ 60 ಲಕ್ಷ ಡಾಲರ್. ಒಂದು ಪೀಪಾಯಿ ತೈಲವೂ ಮೇಲೆ ಬರುವ ಮೊದಲೇ ಬೊಕ್ಕಸಕ್ಕೆ ಸೇರಿದ ಹಣವಿದು.

ಹಳ್ಳಿಯ ಗೇಣಿಯ ವ್ಯವಹಾರವನ್ನು ಕಂಡವರಿಗೆ ಇದರ ಮರ್ಮ ತಿಳಿಯದೆ ಇರದು. ಬೆಳೆ ಬಂದಮೇಲೆ ಪಾಲು ಪಡೆಯುವ ಒಡೆಯನು ಗದ್ದೆಯ ಏರಿಯನ್ನೂ ನೀರನ್ನೂ ನೋಡುತ್ತಿರುತ್ತಾನೆ. ಮುಂಗಡವನ್ನೇ ನೆಚ್ಚಿದ ಒಡೆಯನಿಗೆ ಹೊಸ ಗದ್ದೆಗಳನ್ನು ಗೇಣಿಗೆ ಹಾಕುವುದರಲ್ಲಿ ಆಸಕ್ತಿ. 1962ರ ಮಾರ್ಚಿಯಲ್ಲಿ ಸುಮಾರು 20 ಲಕ್ಷ ಎಕರೆ ಕಡಲತಳವನ್ನು ಗುತ್ತಿಗೆಗೆ ಕೊಟ್ಟರು. ಅಲ್ಲಿಯವರೆಗಿನ ಎಲ್ಲ ಹರಾಜುಗಳನ್ನು ಕೂಡಿಸಿದರೂ ಅಷ್ಟಾಗಿರಲಿಲ್ಲ. ಒಮ್ಮೆ ವಿರೋಧಿಸಿದ್ದ ಕಂಪನಿಗಳೇ ಈಗ ಮುಂದಿನ ಹರಾಜು ಯಾವಾಗ ಎಂದು ಕೇಳುತ್ತಿದ್ದವು.

ಸಾಂಟಾ ಬಾರ್ಬರದ ಪ್ರಸಂಗದಲ್ಲಿ ಇದರ ಪರಿಣಾಮ ಬಯಲಾಯಿತು. ಸಮ್ಮರ್‌ಲ್ಯಾಂಡ್ ಇರುವುದು ಇದೇ ಕರಾವಳಿಯಲ್ಲಿ. ಹಳೆಯ ಬಾವಿಗಳ ಕೊಳಕನ್ನು ಕಂಡಿದ್ದ ಆ ಊರಿನವರ ಒತ್ತಾಯದ ಮೇಲೆ ಕ್ಯಾಲಿಫೋರ್ನಿಯ ರಾಜ್ಯವು 1955ರಲ್ಲಿ ನಗರದೆದುರಿನ ತನ್ನ ಮೂರು ಮೈಲಿಯೊಳಗಿನ ಕಡಲನ್ನು ಗುತ್ತಿಗೆಗೆ ಕೊಡದ ರಕ್ಷಿತ ಪ್ರದೇಶವೆಂದು ಕಾನೂನು ಮಾಡಿತ್ತು. ಕಡಲತಳದಿಂದ ಹಣ ಪಡೆಯಲೆಂದು ಹೋರಾಡಿ ಹಕ್ಕು ಗಳಿಸಿದ ರಾಜ್ಯವೇ ಇಲ್ಲಿ ಹಣವನ್ನು ಬಿಟ್ಟುಕೊಟ್ಟಿತು. ರಕ್ಷಕನೆಂದು ವಾದಿಸಿ ಗೆದ್ದ ಕೇಂದ್ರವು ಅದರಾಚೆಯ ನೀರನ್ನು ಹರಾಜಿಗಿಟ್ಟಿತು. 1967–68ರಲ್ಲಿ ವಿಯೆಟ್ನಾಂ ಯುದ್ಧದ ಖರ್ಚು ಏರಿ, ಕೇಂದ್ರದ ಆಯವ್ಯಯದ ಕೊರತೆ ಸುಮಾರು 2,500 ಕೋಟಿ ಡಾಲರಿಗೆ ಮುಟ್ಟಿತ್ತು. ಊರಿನವರ ಆತಂಕಕ್ಕೆ ಕೇಂದ್ರವು ಕೊಟ್ಟ ಪರಿಹಾರ, ರಾಜ್ಯದ ರಕ್ಷಿತ ಪ್ರದೇಶಕ್ಕೆ ಆಚೆ ಎರಡು ಮೈಲಿಯ ಪಟ್ಟಿಯೊಂದನ್ನು ಬಿಟ್ಟದ್ದು. 1968ರ ಫೆಬ್ರವರಿ 6ರ ಹರಾಜಿನಲ್ಲಿ 71 ಚೌಕಗಳಿಗೆ 60 ಕೋಟಿ 30 ಲಕ್ಷ ಡಾಲರ್ ಮುಂಗಡ ಬಂದಿತು. ಅವುಗಳಲ್ಲಿ 402ನೆಯ ಚೌಕವೊಂದಕ್ಕೇ ಯೂನಿಯನ್ ಮತ್ತು ಇತರ ಮೂರು ಕಂಪನಿಗಳು ಆರು ಕೋಟಿಗೂ ಮಿಗಿಲಾಗಿ ಕೊಟ್ಟವು.

ಆ ಚೌಕದ ಮೇಲೆ ನಿಲ್ಲಿಸಿದ ‘ಎ’ ಎಂಬ ಅಟ್ಟಣೆಯಲ್ಲಿ, 1969ರ ಜನವರಿ 28ರಂದು, ಕೊರೆಯುವ ಕೊಳವೆಯನ್ನು ಮೇಲಕ್ಕೆಳೆಯುತ್ತಿದ್ದಾಗ ಬಾವಿ ಸಿಡಿಯಿತು. ಬಾಯಿಯನ್ನು ಮುಚ್ಚಿದರು, ಆದರೆ ಒಳಗಿನ ಒತ್ತಡಕ್ಕೆ ಕಡಲತಳವೇ ಬಿರುಕುಬಿಟ್ಟು, ಆ ಬಿರುಕುಗಳಿಂದ ತೈಲ ಹೊಮ್ಮತೊಡಗಿತು. ಬಾವಿಯ ಗೋಡೆಗೆ ರಕ್ಷೆಯಾಗಿ ಇಳಿಸುವ ಉಕ್ಕಿನ ಕವಚ ಇಷ್ಟು ಆಳಕ್ಕೆ ಹೋಗಬೇಕೆಂಬ ನಿಯಮವಿತ್ತು. ಈ ಬಾವಿಯಲ್ಲಿ ಅದಕ್ಕಿಂತ ಕಡಮೆ ಆಳದ ಕವಚ ಸಾಕೆಂದು ಕೇಂದ್ರದ ಭೂಗರ್ಭ ಸಮೀಕ್ಷಾ ಕಛೇರಿಯು ಅನುಮತಿ ಕೊಟ್ಟಿತ್ತು. ಸಮೀಕ್ಷಾ ಕಛೇರಿಯಿದ್ದದ್ದು ಆಂತರಿಕ ಇಲಾಖೆಯಲ್ಲಿ. ಹರಾಜು ನಡೆಸಿದ ಭೂನಿರ್ವಹಣಾ ಕಛೇರಿಯಿದ್ದದ್ದೂ ಅದೇ ಇಲಾಖೆಯಲ್ಲಿ. ಲಂಚದ ಮಾತು ಇಲ್ಲಿಲ್ಲ. ಆಲ್ಬರ್ಟ್ ಫಾಲ್‌ನ ಕಾಲ ಎಂದೋ ಹೋಗಿತ್ತು. ಹರಾಜು ನಡೆಸಿದಾಗ ಮಂತ್ರಿಯಾಗಿದ್ದ ಸ್ಟೂವರ್ಟ್ ಯೂಡಾಲ್ ನಿಸರ್ಗರಕ್ಷಣೆಯ ವಿಷಯದಲ್ಲಿ ಆ ಶತಮಾನದ ಶ್ರೇಷ್ಠ ಆಡಳಿತಗಾರರಲ್ಲಿ ಒಬ್ಬರೆಂದು ಗಣ್ಯರಾದವರು. ಮುಂದೆ ಈ ಗುತ್ತಿಗೆಗಳಿಗಾಗಿ ಅವರು ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಅಷ್ಟು ಒಳ್ಳೆಯವರು ಕುಳಿತಿದ್ದಾಗಲೂ ಹೀಗಾಯಿತೆಂದರೆ ದೋಷವನ್ನು ವ್ಯಕ್ತಿಗಳಲ್ಲಿ ಹುಡುಕಿ ಫಲವಿಲ್ಲ.

ಕಡಲಿಗೆ ಸೇರಿದ ತೈಲವು 80,000 ಪೀಪಾಯಿಗಳಿಂದ 1,00,000 ಪೀಪಾಯಿಗಳವರೆಗೆ ಎಂದು ಅಂದಾಜು. ಎಣ್ಣೆ ಮೆತ್ತಿಕೊಂಡು ದಂಡೆಗೆ ಬಂದು ಬಿದ್ದ ಹಕ್ಕಿಗಳ ಚಿತ್ರಗಳನ್ನು ದೇಶವೆಲ್ಲ ನೋಡಿತು. 1970ರ ಜನವರಿ 1ರಂದು ನಿಕ್ಸನ್ನರು ರಾಷ್ಟ್ರೀಯ ಪರಿಸರ ನೀತಿ ಕಾನೂನಿಗೆ ಸಹಿ ಹಾಕಿದ್ದಕ್ಕೆ ಈ ದುರಂತವೂ ಒಂದು ಪ್ರೇರಣೆ. ಆ ಕಾನೂನಿನ ಬಲದಿಂದ, ಲೂಸಿಯಾನದ ಎದುರಿನ ಒಂದು ಹರಾಜನ್ನು ನಾಗರಿಕ ಸಂಸ್ಥೆಗಳು ನ್ಯಾಯಾಲಯದ ಮೂಲಕ 1971ರ ಡಿಸೆಂಬರಿನಲ್ಲಿ ತಡೆಹಿಡಿಸಿದವು. ಬೇರೆ ಮಾರ್ಗಗಳನ್ನು ಸರ್ಕಾರ ಸಾಕಷ್ಟು ಪರಿಶೀಲಿಸಿಲ್ಲವೆಂದು ಮೇಲಿನ ನ್ಯಾಯಾಲಯವೂ 1972ರ ಜನವರಿಯಲ್ಲಿ ಹೇಳಿತು. ಆದರೆ 1973ರ ಅರಬ್ ತೈಲನಿರ್ಬಂಧವು ಬಂದೊಡನೆ ಗಾಳಿ ತಿರುಗಿತು. 1974ರ ಜನವರಿಯಲ್ಲಿ ಅದೇ ನಿಕ್ಸನ್ನರು ಮುಂದಿನ ವರ್ಷ ಒಂದು ಕೋಟಿ ಎಕರೆ ಕಡಲತಳವನ್ನು ಗುತ್ತಿಗೆಗೆ ಕೊಡತಕ್ಕದ್ದೆಂದು ಆಜ್ಞಾಪಿಸಿದರು. ಇಲ್ಲಿ ತೈಲದ ಅಗತ್ಯ ನಿಜವಾದ ಕಾರಣವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಒತ್ತಾಸೆಯ ಯಂತ್ರ ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಸಿದ್ಧವಾಗಿತ್ತು. 1978ರಲ್ಲಿ ಕಾಂಗ್ರೆಸ್ಸು 1953ರ ಕಾನೂನನ್ನು ತಿದ್ದಿ, ಐದು ವರ್ಷಗಳ ಯೋಜನೆಯನ್ನು ಮೊದಲೇ ಪ್ರಕಟಿಸಬೇಕೆಂದೂ ಕರಾವಳಿಯ ರಾಜ್ಯಗಳನ್ನು ವಿಚಾರಿಸಬೇಕೆಂದೂ ವಿಧಿಸಿತು.

1982ರಲ್ಲಿ, ರೇಗನ್ನರ ಮಂತ್ರಿ ಜೇಮ್ಸ್ ವಾಟ್ ಸುಮಾರು ನೂರು ಕೋಟಿ ಎಕರೆಯನ್ನು ಗುತ್ತಿಗೆಗೆ ತೆರೆಯುವ ಯೋಜನೆಯನ್ನು ಮುಂದಿಟ್ಟ ವರ್ಷದಲ್ಲಿಯೇ, ಖನಿಜ ನಿರ್ವಹಣಾ ಸೇವೆ ಎಂಬ ಹೊಸ ಕಛೇರಿ ಸ್ಥಾಪಿತವಾಯಿತು. ಅಲ್ಲಿಯವರೆಗೆ ಒಂದೇ ಇಲಾಖೆಯ ಬೇರೆ ಬೇರೆ ಕೋಣೆಗಳಲ್ಲಿದ್ದ ಗುತ್ತಿಗೆ, ಸುರಕ್ಷತೆ, ರಾಜಧನದ ವಸೂಲಿ ಈ ಮೂರೂ ಕಾಲಕ್ರಮದಲ್ಲಿ ಒಂದೇ ಕೋಣೆಗೆ ಬಂದವು. ಈ ಕಛೇರಿಯ ವಸೂಲಿ ಶಾಖೆಯ ಕೆಲವು ನೌಕರರು ಕಂಪನಿಗಳಿಂದ ಉಡುಗೊರೆ, ಔತಣಗಳನ್ನು ಸ್ವೀಕರಿಸಿದರೆಂದು ಇಲಾಖೆಯ ತನಿಖಾಧಿಕಾರಿಯೇ 2008ರಲ್ಲಿ ವರದಿ ಮಾಡಿದನು. 2010ರ ಮಾರ್ಚಿ 31ರಂದು ಅಧ್ಯಕ್ಷ ಒಬಾಮ ಹೊಸ ಕಡಲಪ್ರದೇಶಗಳನ್ನು ಶೋಧನೆಗೆ ತೆರೆಯುವ ಯೋಜನೆಯನ್ನು ಸಾರಿದರು. ಇಪ್ಪತ್ತು ದಿನಗಳ ತರುವಾಯ, ಏಪ್ರಿಲ್ 20ರಂದು, ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಕೊರೆಯುವ ಅಟ್ಟಣೆ ಸಿಡಿದು ಹನ್ನೊಂದು ಮಂದಿ ಸತ್ತರು. 87 ದಿನಗಳಲ್ಲಿ ಸುಮಾರು 49 ಲಕ್ಷ ಪೀಪಾಯಿ ತೈಲ ಬಾವಿಯಿಂದ ಹೊರಬಿದ್ದಿತೆಂದು ಸರ್ಕಾರದ ಅಂದಾಜು. ಆ ಮೇ ತಿಂಗಳಿನಲ್ಲಿ ಮಂತ್ರಿ ಕೆನ್ ಸಲಜಾರ್ ಹಳೆಯ ಕಛೇರಿಯನ್ನು ಒಡೆಯಲು ಆಜ್ಞೆ ಮಾಡಿದರು. ವಸೂಲಿಯ ಕೆಲಸ 2010ರ ಅಕ್ಟೋಬರಿನಲ್ಲಿ ಬೇರೆಯಾಯಿತು. 2011ರ ಅಕ್ಟೋಬರ್ 1ರಂದು ಗುತ್ತಿಗೆ ಕೊಡುವವರನ್ನು ಒಂದು ಕಛೇರಿಯಲ್ಲಿಯೂ ಸುರಕ್ಷತೆಯನ್ನು ನೋಡುವವರನ್ನು ಇನ್ನೊಂದರಲ್ಲಿಯೂ ಇಟ್ಟರು. ಮೂರು ಕಛೇರಿಗಳಾದವು, ಮೂರೂ ಹೆರಾಲ್ಡ್ ಇಕೀಸ್ ಕುಳಿತಿದ್ದ ಅದೇ ಇಲಾಖೆಯ ಒಬ್ಬನೇ ಮಂತ್ರಿಯ ಕೈಕೆಳಗೆ ಉಳಿದವು.